ಬೋಟಿನ ಸ್ಟೀರಿಯೊ: ಬ್ಯಾಟರಿಯಿಂದ ಶುರು ಮಾಡಿದ್ದು

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಜನರನ್ನು ಕರೆದೊಯ್ಯುವ ಫೈಬರ್ ಬೋಟು. ಮಳೆಗಾಲಕ್ಕೆ ದಡ ಹತ್ತಿದ್ದಾಗ ಅದರ ಸ್ಟೀರಿಯೊವನ್ನು ಬುಡದಿಂದ ಬದಲಿಸಿದೆ. ಸಾಮಾನ್ಯವಾಗಿ ಅಂಗಡಿಯಲ್ಲಿ ಮೊದಲು ಪ್ಲೇಯರ್ ಆರಿಸುತ್ತೇವೆ, ಆಮೇಲೆ ಸ್ಪೀಕರ್, ಉಳಿದ ದುಡ್ಡಿಗೆ ವೈರು. ಬೋಟಿಗೆ ಹೋಗುವಾಗ ಈ ಲೆಕ್ಕವನ್ನು ತಲೆಕೆಳಗು ಮಾಡಲೇಬೇಕು.

ಈ ಬೋಟಿನ ಎಂಜಿನ್ ಸ್ಟಾರ್ಟ್ ಆಗುವುದು 24 ವೋಲ್ಟಿನಲ್ಲಿ, ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ. ಹಳೆಯ ಸ್ಟೀರಿಯೊಗೆ ಅವುಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದಿದ್ದರು. ಬಂದರಿನಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡಕ್ಕೂ ಸೇರಿಸಿ ಸುಮಾರು 28 ವೋಲ್ಟ್ ಕೊಡುತ್ತದೆ. ಹಾಡಿಗೆ ಬಳಸಿ ಸೋತ ಬ್ಯಾಟರಿ 13ರ ಹತ್ತಿರ ನಿಂತರೆ ಇನ್ನೊಂದು 15ಕ್ಕೆ ಏರಿ ಅದರ ನೀರು ಕುದಿಯುತ್ತದೆ. ಕೊನೆಗೆ ಎರಡೂ ಹಾಳು. ಅದಕ್ಕೇ ಎರಡೂ ಬ್ಯಾಟರಿಗಳ ಮೇಲೆ ಸಮನಾಗಿ ಭಾರ ಬೀಳುವಂತೆ 24ರಿಂದ 12 ವೋಲ್ಟಿಗೆ ಇಳಿಸುವ 30 ಆಂಪಿಯರ್ ಕನ್ವರ್ಟರ್ ಹಾಕಿದೆ.

ಕನ್ವರ್ಟರ್ ಎಲ್ಲಿ ಕೂರಬೇಕು ಎಂಬುದಕ್ಕೂ ಲೆಕ್ಕವಿದೆ. ನಾಲ್ಕು ಸ್ಪೀಕರಿಗೆ ತಲಾ 50 ವಾಟ್ ಆರ್‌ಎಂಎಸ್ (ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ), ಒಟ್ಟು 200. ಕರೆಂಟು ಕಡಿಮೆ ಪೋಲು ಮಾಡುವ ಡಿ ಕ್ಲಾಸ್ ಬಗೆಯ ಆಂಪ್ಲಿಫೈಯರಿನ ದಕ್ಷತೆ ಶೇ. 80 ಎಂದು ಹಿಡಿದರೆ ಪೂರ್ತಿ ಜೋರಿನಲ್ಲಿ 12 ವೋಲ್ಟಿಗೆ ಸುಮಾರು 20 ಆಂಪಿಯರ್ ಬೇಕು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ 5 ಮೀಟರ್, ಹೋಗಿ ಬರುವುದು ಸೇರಿ 10. 6 ಚದರ ಮಿಲಿಮೀಟರ್ ತಂತಿಯಲ್ಲಿ ಅಷ್ಟು ದೂರ 12 ವೋಲ್ಟನ್ನೇ ಒಯ್ದರೆ 0.6 ವೋಲ್ಟ್, ಅಂದರೆ ಶೇ. 5 ದಾರಿಯಲ್ಲೇ ಹೋಗುತ್ತದೆ. ಅದೇ ತಂತಿಯಲ್ಲಿ 24 ವೋಲ್ಟ್ ಒಯ್ದರೆ, ಕನ್ವರ್ಟರ್ ತಿನ್ನುವುದನ್ನು ಸೇರಿಸಿಯೂ ಹರಿಯುವುದು 12 ಆಂಪಿಯರ್, ನಷ್ಟ ಶೇ. 1.5. ಹಾಗಾಗಿ ಕನ್ವರ್ಟರನ್ನು ಬ್ಯಾಟರಿ ಪೆಟ್ಟಿಗೆಯಲ್ಲಿಡದೆ ಆಂಪ್ಲಿಫೈಯರಿನ ಪಕ್ಕಕ್ಕೆ ತಂದೆ. ಬ್ಯಾಟರಿ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್, ಕನ್ವರ್ಟರ್ ದಾಟಿದ ಮೇಲೆ 30 ಆಂಪಿಯರಿನದು.

ದ್ವೀಪದ ಬಳಿ ಎಂಜಿನ್ ನಿಲ್ಲಿಸಿ ಹಾಡು ಹಾಕಿಕೊಂಡು ಕಾಯುವುದುಂಟು. ಆಗ ಸ್ಟಾರ್ಟಿಂಗಿಗೆ ಬೇಕಾದ ಶಕ್ತಿಗೆ ಕೈ ಹಾಕಬಾರದು. 24.4 ವೋಲ್ಟಿಗೆ ಇಳಿದೊಡನೆ ಸ್ಟೀರಿಯೊ ಬಂದ್ ಆಗುವ ಕಟ್-ಆಫ್ ರಿಲೇ ಇದಕ್ಕೆ ಸಾಕು. ಅದಕ್ಕೂ ಹಿಂದೆ ಒಂದು ಮೇನ್ ಸ್ವಿಚ್ ಬೇಕು, ಏಕೆಂದರೆ ಕನ್ವರ್ಟರ್ ಸುಮ್ಮನಿದ್ದರೂ ಕರೆಂಟು ಕುಡಿಯುತ್ತದೆ. 50 ಮಿಲಿಆಂಪಿಯರ್ ಎಂದರೂ ಎರಡು ತಿಂಗಳಿಗೆ 72 ಆಂಪಿಯರ್-ಅವರ್.

ಹಳೆಯ ತಂತಿಯ ತುದಿ ಕತ್ತರಿಸಿ ನೋಡಿದೆ. ಹೊರಗಿನ ಪ್ಲಾಸ್ಟಿಕ್ ಹೊಸದರಂತಿತ್ತು, ಒಳಗಿನ ಎಳೆಗಳು ಕಪ್ಪಾಗಿ, ಉಜ್ಜಿದರೆ ಹಸಿರು ಪುಡಿ ಉದುರುತ್ತಿತ್ತು. ಒಂದು ಅಡಿ ಹಿಂದೆ ಕತ್ತರಿಸಿದರೂ ಅದೇ ಬಣ್ಣ. ಬರಿ ತಾಮ್ರದ ಎಳೆಗಳ ಸಂದಿಯಲ್ಲಿ ಉಪ್ಪುನೀರು ಹೀಗೆ ಒಳಗೊಳಗೇ ಏರುತ್ತದೆ. ಆದ್ದರಿಂದ ಪ್ರತಿ ಎಳೆಗೂ ತವರದ ಲೇಪವಿರುವ ತಂತಿಯೇ ಬೇಕು, ಬೆಲೆ ಹೆಚ್ಚಾದರೂ ಚೌಕಾಸಿ ಬೇಡ. ಜೋಡಣೆಗಳನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿದು), ಒಳಬದಿಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್-ಶ್ರಿಂಕ್ ಕೊಳವೆ ಹಾಕಿದೆ. ಬೆಸುಗೆಯೊಂದನ್ನೇ ನಂಬಿದರೆ ಅದು ಮುಗಿಯುವ ಜಾಗದಲ್ಲಿ ತಂತಿ ಬಿರುಸಾಗಿ, ಎಂಜಿನ್ ನಡುಕಕ್ಕೆ ಮುರಿಯುತ್ತದೆ. ಹುಳಿ ವಾಸನೆಯ ಸಿಲಿಕಾನನ್ನೂ ದೂರವಿಡಿ. ಅದರಿಂದ ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ, ವಾಸನೆಯಿಲ್ಲದ ನ್ಯೂಟ್ರಲ್ ಬಗೆಯದು ಕೇಳಿ ತನ್ನಿ.

ಈಗ ಸ್ಪೀಕರ್. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿರುವ 'ಮ್ಯಾಕ್ಸ್ 300 ವಾಟ್' ನೋಡಿ ಪ್ರಯೋಜನವಿಲ್ಲ. ನೋಡಬೇಕಾದ್ದು ಎರಡು: ಆರ್‌ಎಂಎಸ್ ವಾಟ್ ಮತ್ತು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. 88 ಡೆಸಿಬೆಲ್‌ನ ಸ್ಪೀಕರಿನಲ್ಲಿ 91ರದ್ದರಷ್ಟು ಸದ್ದು ಬರಬೇಕಾದರೆ ಆಂಪ್ಲಿಫೈಯರ್ ಎರಡು ಪಟ್ಟು ಶಕ್ತಿ ಕೊಡಬೇಕು, ಅಷ್ಟೂ ಬ್ಯಾಟರಿಯಿಂದಲೇ ಬರಬೇಕು. ನಾನು ಆರಿಸಿದ್ದು 91 ಡೆಸಿಬೆಲ್‌ನ, ಆರೂವರೆ ಇಂಚಿನ, 4 ಓಮ್‌ನ ನಾಲ್ಕು ಸ್ಪೀಕರ್. ಪಾಲಿಪ್ರೊಪಿಲಿನ್ ಕೋನ್, ರಬ್ಬರ್ ಅಂಚು. ಕಾರಿನ ಕಾಗದದ ಕೋನ್ ಇಲ್ಲಿ ತೇವಕ್ಕೆ ಮೆತ್ತಗಾಗುತ್ತದೆ, ಫೋಮ್ ಅಂಚು ಬಿಸಿಲಿಗೆ ಪುಡಿಯಾಗುತ್ತದೆ. ಸ್ಕ್ರೂ 316 ಸ್ಟೇನ್‌ಲೆಸ್ ಇರಲಿ, 304 ಆದರೆ ಉಪ್ಪುಗಾಳಿಗೆ ಚಹಾ ಬಣ್ಣದ ಕಲೆ ಬಿಡುತ್ತದೆ.

ಸಬ್‌ವೂಫರ್ ಹಾಕಿಲ್ಲ. ಆರು ಸಿಲಿಂಡರಿನ ಫೋರ್-ಸ್ಟ್ರೋಕ್ ಡೀಸೆಲ್ ಎಂಜಿನ್ 1800 ಆರ್‌ಪಿಎಂನಲ್ಲಿ ಸೆಕೆಂಡಿಗೆ 90 ಸಲ ಸಿಡಿಯುತ್ತದೆ. ಬಾಸ್ ಇರುವುದೂ ಆ ಆಸುಪಾಸಿನಲ್ಲೇ, ಹಾಗಾಗಿ ಎಂಜಿನ್ ಅದನ್ನು ನುಂಗಿಬಿಡುತ್ತದೆ. ತೆರೆದ ಡೆಕ್ಕಿನಲ್ಲಿ ಸದ್ದನ್ನು ಹಿಡಿದಿಡುವ ಗೋಡೆಯೂ ಇಲ್ಲ. ಆದ್ದರಿಂದ ಆಂಪ್ಲಿಫೈಯರಿನಲ್ಲಿ, ಕೆಳಗಿನ ಸ್ವರಗಳನ್ನು ತಡೆಯುವ ಹೈ-ಪಾಸ್ ಫಿಲ್ಟರನ್ನು 100 ಹರ್ಟ್ಸಿಗೆ (ಸೆಕೆಂಡಿಗೆ 100 ಕಂಪನ) ಇಟ್ಟೆ. ಕೋನ್ ವ್ಯರ್ಥವಾಗಿ ಕುಣಿಯುವುದು ನಿಂತಿತು, ಹಾಡುಗಾರರ ದನಿ ಬಿಡಿಬಿಡಿಯಾಗಿ ಕೇಳಿತು. ಲೈಫ್ ಜಾಕೆಟ್ ಬಗ್ಗೆ ತಾಂಡೇಲರು (ಬೋಟು ನಡೆಸುವವರು) ಮೈಕಿನಲ್ಲಿ ಹೇಳುವ ಮಾತು ಕೊನೆಯ ಸೀಟಿಗೂ ಸ್ಪಷ್ಟವಾಗಿ ತಲುಪಬೇಕಲ್ಲ, ನನಗೆ ಹಾಡಿಗಿಂತ ಅದೇ ಮುಖ್ಯ. ಮೈಕ್ ಒತ್ತಿದಾಗ ಹಾಡು ತಾನಾಗಿ ತಗ್ಗುವಂತೆ ಮಾಡಿದ್ದೇನೆ.

ಸ್ಪೀಕರುಗಳನ್ನು ಕಾಲಬುಡದಲ್ಲಿಡದೆ ಚಾವಣಿಯ ಅಂಚಿನಲ್ಲಿ, ಸೀಟಿನ ಕಡೆ ಮುಖ ಮಾಡಿ ಕೂರಿಸಿದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಕಿವಿಗೆ ಹತ್ತಿರವಿದ್ದಷ್ಟೂ ಸಣ್ಣ ಸದ್ದೇ ಸಾಕು. ಸ್ಪೀಕರಿಗೆ ಹೋಗುವ ತಂತಿಗೆ ಕೆಳಮುಖವಾಗಿ ಒಂದು ಬಳುಕು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಸ್ಪೀಕರಿನೊಳಗಿನ ಅಯಸ್ಕಾಂತ ದಿಕ್ಸೂಚಿಯನ್ನು ತಪ್ಪಿಸಬಲ್ಲದು. ಚಾಲಕನ ಮುಂದೆ ದಿಕ್ಸೂಚಿ ಇದ್ದರೆ ತೂತು ಕೊರೆಯುವ ಮೊದಲೇ ಸ್ಪೀಕರನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಹತ್ತಿರ ತನ್ನಿ. ಮುಳ್ಳು ಅಲುಗಿದ ಜಾಗ ಗುರುತಿಸಿ, ಅಲ್ಲಿಂದ ಸಾಕಷ್ಟು ದೂರ ಸರಿಯಿರಿ. ವೈರ್‌ಲೆಸ್ ಸೆಟ್‌ಗೂ ಪರೀಕ್ಷೆ ಬೇಕು. ತುರ್ತು ಕರೆಯ ಚಾನೆಲ್ 16ರಲ್ಲಿ, ಬರೀ ಗೊರಗೊರವನ್ನು ತಡೆಯುವ ಸ್ಕ್ವೆಲ್ಚ್ ಗುಂಡಿಯನ್ನು ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ತಿರುಗಿಸಿ, ಸ್ಟೀರಿಯೊ ಹಾಕಿ. ಕರಕರ ಶುರುವಾದರೆ ಕನ್ವರ್ಟರೋ ಆಂಪ್ಲಿಫೈಯರೋ ಅಡ್ಡ ಬರುತ್ತಿದೆ ಎಂದರ್ಥ. ನನಗೆ ಕರಕರ ಬಂತು. ಕನ್ವರ್ಟರಿನ ಎರಡೂ ಬದಿಯ ತಂತಿಗೆ, ಇಂಥ ಅಡಚಣೆಯನ್ನು ತಡೆಯುವ ಫೆರೈಟ್ ಉಂಗುರ ಹಾಕಿ, ಆಂಟೆನಾ ಕೇಬಲ್ಲಿನಿಂದ ತಂತಿಗಳನ್ನು ದೂರ ಸರಿಸಿದ ಮೇಲೆ ನಿಂತಿತು.

ಬೋಟು ನೀರಿಗಿಳಿದ ಮೇಲೆ ತಿಂಗಳಿಗೊಮ್ಮೆ ಹಾಡು ಜೋರಾಗಿ ಹಾಕಿ, ಮೀಟರಿನಲ್ಲಿ ಬ್ಯಾಟರಿಯ ವೋಲ್ಟನ್ನೂ ಕನ್ವರ್ಟರಿಗೆ ಒಳಹೋಗುವ ಬದಿಯ ವೋಲ್ಟನ್ನೂ ಅಳೆಯುತ್ತೇನೆ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿತೆಂದರೆ ಎಲ್ಲೋ ಒಂದು ಜೋಡಣೆ ಹಸಿರಾಗತೊಡಗಿದೆ. ಮೊದಲು ಫ್ಯೂಸ್ ಹೋಲ್ಡರ್ ಬಿಚ್ಚಿ ನೋಡುತ್ತೇನೆ.