ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ಫೋಟೊ: ಯಾವುದನ್ನು ನಂಬಬೇಕು?

ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಹವ್ಯಾಸಿಗಳು ತೆಗೆದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಫೋಟೊಗಳು ಈಗ ಬೇಕಾದಷ್ಟು ಸಿಗುತ್ತವೆ. ನೋಡಿ ಬೆರಗಾಗುವುದು ಸುಲಭ. ಅದರಲ್ಲಿರುವುದೇನು ಎಂದು ಗುರುತಿಸುವುದಕ್ಕೆ ಸ್ವಲ್ಪ ಲೆಕ್ಕ, ಸ್ವಲ್ಪ ಅನುಮಾನ ಎರಡೂ ಬೇಕು.

ಮೊದಲು ಲೆಕ್ಕ. ನಿಲ್ದಾಣದ ಉದ್ದ 109 ಮೀಟರ್. ಅದು ಸುತ್ತುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ನೆತ್ತಿಯ ಮೇಲೆ ಬಂದಾಗ ಟೆಲಿಸ್ಕೋಪಿನಲ್ಲಿ ಹೆಚ್ಚುಕಡಿಮೆ ಗುರುಗ್ರಹದಷ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ನಡುವೆ ಗಾಳಿ ಇದೆಯಲ್ಲ, ಅದು ಕಾದ ರಸ್ತೆಯ ಮೇಲಿನ ಬಿಸಿಯಂತೆ ಚಿತ್ರವನ್ನು ಕಲಕುತ್ತದೆ. ಸಾಮಾನ್ಯ ರಾತ್ರಿಯಲ್ಲಿ ಈ ಕಲಕಾಟ ಒಂದು ಆರ್ಕ್‌ಸೆಕೆಂಡಿಗಿಂತ ಜಾಸ್ತಿಯೇ. ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಸಿಗುವ ಒಂದು ಪಾಲು. 400 ಕಿ.ಮೀ. ದೂರದಲ್ಲಿ ಅದು ಸುಮಾರು 2 ಮೀಟರ್. ಹಾಗಾಗಿ ಕಿಟಕಿ ಕಂಡಿತು, ಹಿಡಿಕೆ ಕಂಡಿತು ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಆಮೇಲೆ, ಫೋಟೊ ತೆಗೆದಾಗ ನಿಲ್ದಾಣ ಆಕಾಶದಲ್ಲಿ ಎಷ್ಟು ಮೇಲಿತ್ತು ಎಂದು ಕೇಳಿ. ದಿಗಂತದಿಂದ 30 ಡಿಗ್ರಿ ಮಾತ್ರ ಮೇಲಿದ್ದರೆ ದೂರ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ಚಿತ್ರ ಅರ್ಧಕ್ಕಿಳಿಯುತ್ತದೆ. ಅಂಚುಗಳಲ್ಲಿ ನೀಲಿ, ಕೆಂಪು ಗೆರೆ ಕಂಡರೆ ಅದೂ ಗಾಳಿಯದೇ ಕೆಲಸ.

ಈಗ ದೊಡ್ಡ ಭಾಗಗಳನ್ನು ಹುಡುಕಿ. ಕಂದು ಬಣ್ಣದ ಎಂಟು ದೊಡ್ಡ ಸೌರಫಲಕಗಳು ನಾಲ್ಕು ಜೋಡಿಗಳಾಗಿವೆ. ಅವನ್ನೆಲ್ಲ ಹಿಡಿದಿರುವ ಉದ್ದನೆಯ ತೊಲೆ, ಅದಕ್ಕೆ ಅಡ್ಡವಾಗಿ ಗಗನಯಾನಿಗಳು ಇರುವ ಕೊಠಡಿಗಳ ಸಾಲು. ಬೆಳ್ಳಗೆ ಹೊಳೆಯುವ ಹಲಗೆಗಳು ಶಾಖ ಹೊರಹಾಕುವ ರೇಡಿಯೇಟರ್‌ಗಳು. 2021ರಿಂದ ಕೆಲವು ಹಳೆಯ ಫಲಕಗಳ ಮುಂದೆ ಚಿಕ್ಕ ಹೊಸ ಫಲಕಗಳನ್ನು ಬಿಚ್ಚಿ ಹರಡಿದ್ದಾರೆ, ಆದ್ದರಿಂದ ಒಂದೇ ಫಲಕ ಎರಡು ಬಣ್ಣವಾಗಿ ಕಂಡರೆ ಅಚ್ಚರಿಯಿಲ್ಲ. ಇಂಗ್ಲಿಷಿನ ‘ಟಿ’ ಆಕಾರ ಕಂಡರೆ ಅದು ಬೇರೆಯೇ ನಿಲ್ದಾಣ, ಚೀನಾದ ಟಿಯಾಂಗಾಂಗ್.

ಫಲಕಗಳು ಸೂರ್ಯನ ಕಡೆ ತಿರುಗುತ್ತಲೇ ಇರುತ್ತವೆ. ನಮಗೆ ಅಂಚು ಮಾತ್ರ ಕಾಣುವಾಗ ಅವು ತೆಳು ಗೆರೆಯಾಗುತ್ತವೆ, ಕೆಲವೊಮ್ಮೆ ಮಾಯವೇ ಆಗುತ್ತವೆ. ಫಲಕ ಮುರಿದಿದೆ ಎಂದು ಸುದ್ದಿ ಹಬ್ಬಿಸಬೇಡಿ! ಎಡ ಬಲ ಅದಲುಬದಲಾಗಿರುವುದೂ ಉಂಟು. ಟೆಲಿಸ್ಕೋಪಿನಲ್ಲಿ ಒಂದು ಕನ್ನಡಿ ಹೆಚ್ಚಿದ್ದರೆ ಸಾಕು. ಅಂಥ ಚಿತ್ರವನ್ನು ಎಷ್ಟು ತಿರುಗಿಸಿದರೂ ಸರಿಹೋಗದು, ಕನ್ನಡಿಯಲ್ಲಿ ಕಾಣುವಂತೆ ಎಡಬಲ ಮಗುಚಿಯೇ ನೋಡಬೇಕು.

ಅತಿ ದೊಡ್ಡ ಮೋಸ ಇರುವುದು ತೀಕ್ಷ್ಣಗೊಳಿಸುವ ಸಾಫ್ಟ್‌ವೇರ್‌ನಲ್ಲಿ. ಅದು ಚಿತ್ರದಲ್ಲಿ ಸೇರಿಕೊಂಡ ಬೇಡದ ಚುಕ್ಕೆಗಳನ್ನೂ ಎತ್ತಿ ತೋರಿಸುತ್ತದೆ, ಅಂಚಿನ ಸುತ್ತ ಇಲ್ಲದ ಗೆರೆ ಹುಟ್ಟಿಸುತ್ತದೆ. ಪರೀಕ್ಷೆ ಸರಳ: ವಿಡಿಯೊದ ಅಕ್ಕಪಕ್ಕದ ಫ್ರೇಮ್‌ಗಳನ್ನು, ಅಂದರೆ ಬಿಡಿ ಚಿತ್ರಗಳನ್ನು ನೋಡಿ. ಕಂಡ ವಿವರ ನಾಲ್ಕಾರು ಫ್ರೇಮ್‌ಗಳಲ್ಲಿ ಅದೇ ಜಾಗದಲ್ಲಿ ಇದ್ದರೆ ನಂಬಬಹುದು. ಒಂದರಲ್ಲಿ ಮಾತ್ರ ಇದ್ದರೆ ಬಿಡಿ. ನನ್ನನ್ನು ಕೇಳಿದರೆ, ತಿದ್ದದ ಹತ್ತು ಮಸುಕು ಫ್ರೇಮ್‌ಗಳು ಒಂದು ಥಳಥಳಿಸುವ ಚಿತ್ರಕ್ಕಿಂತ ಮೇಲು.

ಸೂರ್ಯನ ಮುಂದೆ ಹಾದುಹೋಗುವ ಕಪ್ಪು ನೆರಳಿನ ಫೋಟೊಗಳನ್ನು ಓದುವುದು ಇನ್ನೂ ಸುಲಭ, ಆಕಾರ ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ. ಹಾದುಹೋಗಲು ಅರ್ಧ ಸೆಕೆಂಡಿನಷ್ಟು ಸಮಯ, ಅಷ್ಟೇ. 2006ರಲ್ಲಿ ಫ್ರಾನ್ಸಿನ ತಿಯೆರಿ ಲೆಗೋ ತೆಗೆದ ಇಂಥದೊಂದು ಚಿತ್ರದಲ್ಲಿ ನಿಲ್ದಾಣವನ್ನೂ ಆಗಷ್ಟೇ ಅದರಿಂದ ಬೇರ್ಪಟ್ಟಿದ್ದ ನಾಸಾದ ಅಟ್ಲಾಂಟಿಸ್ ನೌಕೆಯನ್ನೂ ಪ್ರತ್ಯೇಕವಾಗಿ ಗುರುತಿಸಬಹುದು.

ಕೊನೆಗೆ ದಿನಾಂಕ. ಕೊಠಡಿಯ ತುದಿಯಲ್ಲಿ ಹೊಸ ಉಬ್ಬು ಕಂಡರೆ, ಆ ದಿನ ನಿಲ್ದಾಣಕ್ಕೆ ಯಾವ ನೌಕೆಗಳು ಎಲ್ಲಿ ಜೋಡಿಕೊಂಡಿದ್ದವು ಎಂದು ನಾಸಾ ಮಾಹಿತಿಯಲ್ಲಿ ನೋಡಿ. ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆ ಸುಮಾರು 8 ಮೀಟರ್ ಉದ್ದ, ಒಳ್ಳೆಯ ಫೋಟೊದಲ್ಲಿ ಕಾಣಲೇಬೇಕು. ಆ ಜಾಗದಲ್ಲಿ ಯಾವ ನೌಕೆಯೂ ಇರಲಿಲ್ಲ ಎಂದಾದರೆ, ಮತ್ತೆ ಫ್ರೇಮ್‌ಗಳತ್ತ ಹೋಗಿ.