ಯುರೋಪಿನಲ್ಲಿದ್ದುಕೊಂಡೇ ಅಮೆರಿಕದ ‘ಹೈ ಪರ್ಫಾರ್ಮೆನ್ಸ್’ ಸಹಿ: ನನ್ನ ಅನುಭವ

ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎ ನಿಯಮ 61.31(ಎಫ್) ಪ್ರಕಾರ ‘ಹೈ ಪರ್ಫಾರ್ಮೆನ್ಸ್’ ಎಂದರೆ 200 ಹಾರ್ಸ್‌ಪವರ್‌ಗಿಂತ ಹೆಚ್ಚಿನ ಎಂಜಿನ್. ಅಂಥ ವಿಮಾನದ ಹೊಣೆ ಹೊತ್ತು ಹಾರಿಸಲು ಪೈಲಟ್‌ನ ಲಾಗ್‌ಬುಕ್ಕಿನಲ್ಲಿ (ಹಾರಾಟದ ದಾಖಲೆ ಪುಸ್ತಕ) ಇನ್‌ಸ್ಟ್ರಕ್ಟರ್ ಒಬ್ಬರ ಸಹಿ ಬೇಕು. ಸರಿಯಾಗಿ 200 ಇದ್ದರೆ ಈ ಸಹಿ ಬೇಕಿಲ್ಲ. ಪೈಪರ್ ಆ್ಯರೋದ 200 ಹಾರ್ಸ್‌ಪವರ್ ಎಂಜಿನ್‌ಗೆ ಇದು ಬೇಡ. ಚಕ್ರ ಮಡಚುತ್ತದೆ, ಪ್ರೊಪೆಲ್ಲರ್ ಕೋನ ಬದಲಾಗುತ್ತದೆ ಎಂಬ ಕಾರಣಕ್ಕೆ ‘ಕಾಂಪ್ಲೆಕ್ಸ್’ ಸಹಿ ಬೇಕು. ಸೆಸ್ನಾ 182ಟಿಯ 230ಕ್ಕೂ ಸಿರಸ್ ಎಸ್‌ಆರ್22ರ 310ಕ್ಕೂ ಹೈ ಪರ್ಫಾರ್ಮೆನ್ಸ್ ಬೇಕೇ ಬೇಕು. ಎರಡು ಎಂಜಿನ್ ಇದ್ದರೆ ಶಕ್ತಿಯನ್ನು ಕೂಡಿಸಬಾರದು, ಒಂದೊಂದನ್ನೇ ಬೇರೆಯಾಗಿ ನೋಡಬೇಕು. ತಲಾ 180ರ ಸೆಮಿನೋಲ್ ಹಾಗಾಗಿ ಈ ಲೆಕ್ಕಕ್ಕೆ ಬರುವುದಿಲ್ಲ.

ಇದು ಲೈಸೆನ್ಸ್ ಕಾರ್ಡಿನ ಮೇಲೆ ಎಲ್ಲೂ ಅಚ್ಚಾಗುವುದಿಲ್ಲ. ಪರೀಕ್ಷೆಯಿಲ್ಲ, ಎಫ್‌ಎಎಗೆ ಅರ್ಜಿಯಿಲ್ಲ, ಇಷ್ಟು ಗಂಟೆ ಹಾರಲೇಬೇಕೆಂಬ ಕನಿಷ್ಠ ಮಿತಿಯೂ ಇಲ್ಲ. ನೆಲದ ಪಾಠ, ಹಾರಾಟದ ಪಾಠ, ಆಮೇಲೆ ಲಾಗ್‌ಬುಕ್ಕಿನಲ್ಲಿ ಒಂದು ಸಹಿ. ಒಮ್ಮೆ ಬಿದ್ದರೆ ಜೀವನಪೂರ್ತಿ ಸಾಕು. ಅಮೆರಿಕದಲ್ಲಿ ವಾರಾಂತ್ಯದ ಕೆಲಸ ಇದು. ಹೊರದೇಶದಲ್ಲಿ ತಲೆನೋವಾಗುವುದು ಆ ಸಹಿ ಹಾಕಬೇಕಾದವರು ಯಾರು ಎಂಬುದರಿಂದ.

ಯುರೋಪಿನ ಇನ್‌ಸ್ಟ್ರಕ್ಟರ್ ಎಷ್ಟೇ ನುರಿತವರಾಗಿದ್ದರೂ ಅವರ ಸಹಿ ಇಲ್ಲಿ ನಡೆಯುವುದಿಲ್ಲ. ನಿಯಮ 61.41ರಂತೆ ವಿದೇಶಿ ಇನ್‌ಸ್ಟ್ರಕ್ಟರ್ ಅಮೆರಿಕದ ಹೊರಗೆ ಕೊಟ್ಟ ತರಬೇತಿಯನ್ನು ಲೈಸೆನ್ಸ್ ಅಥವಾ ರೇಟಿಂಗ್‌ನ ಅಗತ್ಯಗಳಿಗೆ ಲೆಕ್ಕ ಹಿಡಿಯಬಹುದು. ಅವರು ‘ಇಂಥ ತರಬೇತಿ ಕೊಟ್ಟಿದ್ದೇನೆ’ ಎಂದು ಬರೆಯಬಹುದು, ಅಷ್ಟೇ. ‘ಈ ಪೈಲಟ್ ಸಮರ್ಥ’ ಎಂದು 61.31ರ ಕೆಳಗೆ ಬರೆಯುವ ಅಧಿಕಾರ ಎಫ್‌ಎಎ ಇನ್‌ಸ್ಟ್ರಕ್ಟರ್‌ಗೇ ಸೇರಿದ್ದು. ಇನ್ನೊಂದು ಗೊಂದಲವೂ ಇದೆ. ಯುರೋಪಿನ ‘ಡಿಫರೆನ್ಸಸ್ ಟ್ರೇನಿಂಗ್’ನಲ್ಲಿ ಬದಲಾಗುವ ಪ್ರೊಪೆಲ್ಲರ್, ಮಡಚುವ ಚಕ್ರ, ಟರ್ಬೊ, ಒತ್ತಡದ ಕ್ಯಾಬಿನ್, ಬಾಲಚಕ್ರ ಎಂಬ ವಿಂಗಡಣೆಗಳಿವೆ, ಹಾರ್ಸ್‌ಪವರ್ ಎಂಬ ವಿಂಗಡಣೆ ಇಲ್ಲ. 182ರಲ್ಲೇ ಆ ತರಬೇತಿ ಮುಗಿಸಿದ್ದರೂ ಎಫ್‌ಎಎ ಕಣ್ಣಿಗೆ ಕೆಲಸ ಇನ್ನೂ ಬಾಕಿ.

ಎಫ್‌ಎಎ ಇನ್‌ಸ್ಟ್ರಕ್ಟರ್ ಸಿಕ್ಕ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಅವರ ಮೆಡಿಕಲ್ (ವೈದ್ಯಕೀಯ ಅರ್ಹತಾ ಪತ್ರ) ಬಗ್ಗೆ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಸೆಸ್ನಾ 172ರಲ್ಲಿ ಫ್ಲೈಟ್ ರಿವ್ಯೂ (ಇನ್‌ಸ್ಟ್ರಕ್ಟರ್ ಜೊತೆಗಿನ ನಿಯತ ಮರುಪರಿಶೀಲನೆ) ಮಾಡುವಾಗ ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ನೀವೇ ಆಗಬಹುದು, ಪಕ್ಕದ ಇನ್‌ಸ್ಟ್ರಕ್ಟರ್‌ಗೆ ಮೆಡಿಕಲ್ ಇಲ್ಲದಿದ್ದರೂ ನಡೆಯುತ್ತದೆ. 182ರಲ್ಲಿ ಸಹಿ ಬೀಳುವವರೆಗೆ ಆ ಹೊಣೆ ಹೊರಲು ನಿಮಗೆ ಅವಕಾಶವಿಲ್ಲ, ಅದು ಇನ್‌ಸ್ಟ್ರಕ್ಟರ್ ಮೇಲೆಯೇ ಬೀಳುತ್ತದೆ. ಮೆಡಿಕಲ್ ಬದಲು ಅಮೆರಿಕದೊಳಗೆ ನಡೆಯುವ ‘ಬೇಸಿಕ್‌ಮೆಡ್’ ಎಂಬ ಸರಳ ವ್ಯವಸ್ಥೆ ಯುರೋಪಿನಲ್ಲಿ ನಡೆಯದು. ಚಾಲ್ತಿಯಲ್ಲಿರುವ ಮೆಡಿಕಲ್ ಸರ್ಟಿಫಿಕೇಟೇ ಬೇಕು.

ವಿಮಾನ ‘ಎನ್’ ನೋಂದಣಿಯದ್ದೇ (ಅಮೆರಿಕದ ನೋಂದಣಿ) ಆಗಬೇಕೆಂದು 61.31 ಕೇಳುವುದಿಲ್ಲ. ಆದರೂ ಅದೇ ಸುಲಭ. ಜರ್ಮನ್ ನೋಂದಣಿಯ ವಿಮಾನವಾದರೆ ಇನ್‌ಸ್ಟ್ರಕ್ಟರ್ ಬಳಿ ಯುರೋಪಿನ ಕಾಗದವೂ ಇರಬೇಕು. ಟ್ರಸ್ಟ್ ಮೂಲಕ ನೋಂದಣಿಯಾದ ‘ಎನ್’ ವಿಮಾನಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಹಣ ಕೊಟ್ಟು ತರಬೇತಿ ಪಡೆಯುವ ವಿಷಯದಲ್ಲಿ ಮಾತ್ರ ಒಂದೊಂದು ದೇಶದ್ದು ಒಂದೊಂದು ಕಾನೂನು. ಬ್ರಿಟನ್ನಿನಲ್ಲಿ ವಿದೇಶಿ ನೋಂದಣಿಯ ವಿಮಾನದಲ್ಲಿ ಹಣಕ್ಕೆ ಪಾಠ ಹೇಳಲು ಮೊದಲೇ ಅನುಮತಿ ಪಡೆಯಬೇಕು. ಯುರೋಪಿಯನ್ ಒಕ್ಕೂಟದಲ್ಲಿ ನೆಲೆಸಿದವರು ಸಹಿ ಸಿಕ್ಕ ಮೇಲೆ ‘ಎನ್’ ವಿಮಾನ ಹಾರಿಸುವಾಗಲೂ ಎಫ್‌ಎಎ ಜೊತೆಗೆ ಯುರೋಪಿನ ಲೈಸೆನ್ಸ್ ಇಟ್ಟುಕೊಂಡಿರಬೇಕು.

ಅಮೆರಿಕದಲ್ಲಿ ವಿಳಾಸ ಇಲ್ಲದ ಲೈಸೆನ್ಸ್‌ದಾರರು 2025ರ ಜುಲೈ 7ರಿಂದ ಅಲ್ಲಿ ವಿಳಾಸವಿರುವ ಒಬ್ಬ ‘ಏಜೆಂಟ್ ಫಾರ್ ಸರ್ವಿಸ್’ (ಎಫ್‌ಎಎ ಪತ್ರಗಳನ್ನು ನಿಮ್ಮ ಪರವಾಗಿ ಪಡೆಯುವವರು) ಹೆಸರನ್ನು ಎಫ್‌ಎಎ ಪೋರ್ಟಲ್‌ನಲ್ಲಿ ದಾಖಲಿಸಿರಬೇಕು. ಇಲ್ಲದಿದ್ದರೆ ಲೈಸೆನ್ಸ್ ಬಳಸುವಂತಿಲ್ಲ. ದುಡ್ಡು ಪಡೆದು ಈ ಕೆಲಸ ಮಾಡುವ ಕಂಪನಿಗಳಿವೆ, ಆದರೆ ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಇರುವ 18 ದಾಟಿದ ನೆಂಟರಿಷ್ಟರು ಒಪ್ಪಿದರೂ ಸಾಕು. ಅಂಚೆ ಪೆಟ್ಟಿಗೆಯ ಸಂಖ್ಯೆ ಮಾತ್ರ ನಡೆಯದು.

ಈಗ ಹಾರಾಟ. ಜಕ್ಕೂರಿನಲ್ಲಾಗಲಿ ಅರಿಜೋನಾದಲ್ಲಾಗಲಿ 172ರಲ್ಲಿ ಪಳಗಿದ ಕೈಗೆ 182ಟಿ ಮೊದಲು ಹೇಳಿಕೊಡುವುದು ತನ್ನ ಮೂಗಿನ ಭಾರವನ್ನು. ಮುಂದೆ ಇಬ್ಬರೇ ಕೂತರೆ ತೂಕದ ಕೇಂದ್ರ ಮುಂದಿನ ಮಿತಿಯ ಹತ್ತಿರವಿರುತ್ತದೆ. ಪೂರ್ತಿ ಫ್ಲಾಪ್ (ರೆಕ್ಕೆಯ ಹಿಂಬದಿಯ ಇಳಿಸಬಹುದಾದ ಭಾಗ) ಇಳಿಸಿ, ಟ್ರಿಮ್ (ಕೈಮೇಲಿನ ಭಾರ ಇಳಿಸುವ ಹೊಂದಾಣಿಕೆ) ಹಾಕದೆ ತೋಳಿನ ಬಲದಿಂದಲೇ ಯೋಕ್ (ಹಾರಿಸುವ ಹಿಡಿಕೆ) ಎಳೆಯುತ್ತೇನೆಂದರೆ ಕೊನೇ ಗಳಿಗೆಯಲ್ಲಿ ಮೂಗು ಏಳದೆ ಮುಂದಿನ ಚಕ್ರ ಮೊದಲು ಬಡಿಯುತ್ತದೆ. ಆ ಹೊಡೆತ ನೇರ ಎಂಜಿನ್ ಹಿಂದಿನ ಗೋಡೆಯಾದ ಫೈರ್‌ವಾಲ್‌ಗೆ ಹೋಗಿ ತಗಡು ಸುಕ್ಕುಗಟ್ಟುತ್ತದೆ. ಬಾಡಿಗೆ ವಿಮಾನವಾದರೆ ಹೊರಡುವ ಮೊದಲು ಅಲ್ಲಿ ಸುಕ್ಕಿದೆಯೇ ಎಂದು ನೋಡಿ, ಬೇರೆಯವರ ಪಾಪ ನಿಮ್ಮ ತಲೆಗೆ ಬರಬಾರದು. ನಾನು ತೂಕದ ಲೆಕ್ಕ ಹಾಕಿಕೊಂಡು ಹಿಂದಿನ ಸಾಮಾನು ಜಾಗದಲ್ಲಿ 20 ಕಿಲೋದಷ್ಟು ಕಟ್ಟಿಡುತ್ತೇನೆ. ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಇಳಿಯುವ ಕೊನೇ ಹಾದಿ) ಫ್ಲಾಪ್ ಇಳಿಸಿ 60ರಿಂದ 70 ನಾಟ್, ಯೋಕ್ ಕೈಗೆ ಹಗುರವಾಗುವ ತನಕ ಟ್ರಿಮ್.

ಆ ಟ್ರಿಮ್‌ಗೆ ಇನ್ನೊಂದು ಮುಖವಿದೆ. ಇಳಿಯುವುದನ್ನು ಕೈಬಿಟ್ಟು ಪೂರ್ತಿ ಥ್ರಾಟಲ್ ಕೊಟ್ಟ ಕ್ಷಣ ಮೂಗು ಆಕಾಶ ನೋಡುತ್ತದೆ, ವಿಮಾನ ಎಡಕ್ಕೆ ತಿರುಗುತ್ತದೆ. ಯೋಕ್ ಗಟ್ಟಿಯಾಗಿ ಮುಂದಕ್ಕೆ, ಬಲಗಾಲು ರಡ್ಡರ್ ಮೇಲೆ, ಫ್ಲಾಪ್ 20ಕ್ಕೆ, ಟ್ರಿಮ್ ಆಮೇಲೆ. ಇದನ್ನು ಮೊದಲು 3,000 ಅಡಿಯಲ್ಲಿ ನಾಲ್ಕಾರು ಸಲ ಮಾಡಿ, ರನ್‌ವೇ ಹತ್ತಿರ ಆಮೇಲೆ.

ಪ್ರೊಪೆಲ್ಲರ್‌ನ ನೀಲಿ ಗುಬುಟಿನ ಕ್ರಮ ಬಾಯಿಪಾಠವಾಗಿದ್ದರೆ ಸಾಲದು, ಕೈಗೂ ಬರಬೇಕು. ಶಕ್ತಿ ಹೆಚ್ಚಿಸುವಾಗ ಮಿಕ್ಸ್ಚರ್ (ಇಂಧನ-ಗಾಳಿಯ ಮಿಶ್ರಣ), ಪ್ರೊಪೆಲ್ಲರ್, ಥ್ರಾಟಲ್. ಇಳಿಸುವಾಗ ಮೊದಲು ಥ್ರಾಟಲ್, ಆಮೇಲೆ ಪ್ರೊಪೆಲ್ಲರ್. ಏರುವಾಗ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ ಒಳಸೇರುವ ಗಾಳಿಯ ಒತ್ತಡ) 23 ಇಂಚು, 2,400 ಆರ್‌ಪಿಎಂ, 85–95 ನಾಟ್, ಕೌಲ್ ಫ್ಲಾಪ್ (ಎಂಜಿನ್ ತಂಪಾಗಿಸುವ ಬಾಗಿಲು) ತೆರೆದು. ಸಿಂಗಲ್ ಎಂಜಿನ್ ವಿಮಾನದಲ್ಲಿ ಬ್ಲೇಡಿನ ಕೋನ ಹೆಚ್ಚಿಸುವುದು ಆಯಿಲ್ ಒತ್ತಡ. ಆಯಿಲ್ ಹೋದರೆ ಕೋನ ಇಳಿದು ಆರ್‌ಪಿಎಂ ತಾನೇ ಏರುತ್ತದೆ. ಚಳಿಗಾಲದ ಬೆಳಿಗ್ಗೆ ರನ್-ಅಪ್‌ನಲ್ಲಿ (ಹೊರಡುವ ಮೊದಲಿನ ಎಂಜಿನ್ ಪರೀಕ್ಷೆ) ಗುಬುಟನ್ನು ಎರಡು ಮೂರು ಸಲ ಎಳೆದು ಬಿಡುವುದು ಬಿಸಿ ಆಯಿಲ್ ಹಬ್‌ಗೆ ತಲುಪಲಿ ಎಂದು. ಹಳೆಯ 182ರ ಓ-470 ಎಂಜಿನ್‌ಗೆ ಕಾರ್ಬ್ಯುರೇಟರ್ ಇದೆ, ಮಂಜುಗಡ್ಡೆ ಬೇಗ ಕಟ್ಟುತ್ತದೆ. 172ರಲ್ಲಿ ಆಗುವಂತೆ ಆರ್‌ಪಿಎಂ ಬೀಳುವುದನ್ನು ಕಾಯುತ್ತ ಕೂರಬೇಡಿ, ಪ್ರೊಪೆಲ್ಲರ್ ಕೋನ ಹೊಂದಿಸುವ ಗವರ್ನರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೊದಲು ಇಳಿಯುವುದು ಮ್ಯಾನಿಫೋಲ್ಡ್ ಒತ್ತಡ.

182ಟಿಯಲ್ಲಿ ಬಳಸಬಹುದಾದ ಇಂಧನ 87 ಗ್ಯಾಲನ್. ಯುರೋಪಿನ ಪಂಪಿನಲ್ಲಿ ಅದು ಸುಮಾರು 329 ಲೀಟರ್, ತೂಕ 522 ಪೌಂಡ್. ಟ್ಯಾಂಕ್ ತುಂಬಿಸಿ ನಾಲ್ವರು ದೊಡ್ಡವರನ್ನು ಕೂರಿಸಿದರೆ ಸಾಮಾನ್ಯವಾಗಿ ತೂಕ ಮೀರುತ್ತದೆ. ಹಾರಬಹುದಾದ ಗರಿಷ್ಠ ತೂಕ 3,100 ಪೌಂಡ್, ಇಳಿಯಬಹುದಾದದ್ದು 2,950. ಈ ಎರಡು ಅಂಕಿ ಬೇರೆಯಾಗಿರುವುದು 172ರಿಂದ ಬಂದವರ ಗಮನಕ್ಕೆ ಬರುವುದೇ ಇಲ್ಲ.

ಎಂಜಿನ್, ಪ್ರೊಪೆಲ್ಲರ್, ತೂಕ ಎಲ್ಲ ಸೇರಿ ನೆಲದ ಪಾಠಕ್ಕೆ ಎರಡು ಗಂಟೆ, ಹಾರಾಟಕ್ಕೆ ಐದು ಗಂಟೆ ಇಟ್ಟುಕೊಳ್ಳಿ. ಮೊದಲು ವಿಮಾ ಪತ್ರ ಓದಿ: ಕನಿಷ್ಠ ಗಂಟೆಗಳನ್ನು ನಿಯಮ ಕೇಳದಿದ್ದರೂ ವಿಮೆಯವರು ಕೇಳುತ್ತಾರೆ. 24 ತಿಂಗಳಿಗೊಮ್ಮೆಯ ಫ್ಲೈಟ್ ರಿವ್ಯೂವನ್ನೂ ಇದೇ ಹಾರಾಟದಲ್ಲಿ ಮುಗಿಸಿಕೊಳ್ಳಬಹುದು, ಅದಕ್ಕೆ ನೆಲದಲ್ಲೊಂದು ಗಂಟೆ, ಗಾಳಿಯಲ್ಲೊಂದು ಗಂಟೆ ಸಾಕು. ಅದಕ್ಕೆ ಬೇರೆ ಸಹಿ ಹಾಕಿಸಿಕೊಳ್ಳಬೇಕು. ಕಂಟ್ರೋಲ್ ನಿಮ್ಮೊಬ್ಬರ ಕೈಯಲ್ಲಿದ್ದ ಹೊತ್ತನ್ನು 61.51ರಂತೆ ಎಫ್‌ಎಎ ಲಾಗ್‌ಬುಕ್ಕಿನಲ್ಲಿ ಪೈಲಟ್ ಇನ್ ಕಮಾಂಡ್ ಎಂದೇ ಬರೆಯಬಹುದು. ಯುರೋಪಿನ ಲಾಗ್‌ಬುಕ್ಕಿನಲ್ಲಿ ಅದೇ ಗಂಟೆ ‘ಡ್ಯುಯಲ್’.

ಸಹಿಯ ಮಾದರಿ ಒಕ್ಕಣೆ ಎಫ್‌ಎಎಯ ಅಡ್ವೈಸರಿ ಸರ್ಕ್ಯುಲರ್ (ಮಾರ್ಗದರ್ಶಿ ಸುತ್ತೋಲೆ) 61-65ರಲ್ಲಿದೆ. ಅದನ್ನು ಮೊದಲೇ ಮುದ್ರಿಸಿಕೊಂಡು ಹೋಗಿ. ನಿಮ್ಮ ಹೆಸರು, ಲೈಸೆನ್ಸ್ ಸಂಖ್ಯೆ, 61.31(ಎಫ್), ವಿಮಾನದ ಮಾದರಿ, ದಿನಾಂಕ, ಇನ್‌ಸ್ಟ್ರಕ್ಟರ್ ಸಂಖ್ಯೆ ಇಷ್ಟೂ ಇರಬೇಕು. 2024ರ ಡಿಸೆಂಬರ್‌ನಿಂದ ಕೊಡುವ ಇನ್‌ಸ್ಟ್ರಕ್ಟರ್ ಕಾರ್ಡುಗಳಲ್ಲಿ ಮುಕ್ತಾಯದ ದಿನಾಂಕ ಇರುವುದಿಲ್ಲ, ಅದರ ಜಾಗದಲ್ಲಿ ‘ರೀಸೆಂಟ್ ಎಕ್ಸ್‌ಪೀರಿಯನ್ಸ್’ (ಕಲಿಸಲು ಬೇಕಾದ ಇತ್ತೀಚಿನ ಅನುಭವ) ಮುಗಿಯುವ ದಿನಾಂಕ ಬರೆಸಿ. ಇನ್‌ಸ್ಟ್ರಕ್ಟರ್ ಊರು ಬಿಡುವ ಮೊದಲೇ ಆ ಪುಟದ ಫೋಟೊ ತೆಗೆದುಕೊಳ್ಳಿ.