ಬಿದ್ದವರು ಎದ್ದು ಕೂತ ಮೇಲೆ: ಒಳಪೆಟ್ಟನ್ನು ಗುರುತಿಸುವುದು ಹೇಗೆ?

ಬೈಕ್ ಜಾರಿ ಬಿದ್ದವರು ಎದ್ದು ಮೈ ಕೊಡವಿಕೊಂಡು ‘ಏನೂ ಆಗಿಲ್ಲ, ಬಿಡಿ’ ಅಂದರೆ ಸುತ್ತ ನೆರೆದವರಿಗೆ ಸಮಾಧಾನ. ತರಚಿದ ಮಂಡಿಗೆ ಅರಿಶಿನ ಹಚ್ಚಿ ಮನೆಗೆ ಕಳಿಸುತ್ತಾರೆ. ರಕ್ತ ಸುರಿಯುವ ಗಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳಪೆಟ್ಟು ಹಾಗಲ್ಲ, ಮೊದಲ ಕೆಲವು ಗಂಟೆ ಅದು ಸುಮ್ಮನಿರಬಹುದು. ಹಾಗಾಗಿ ಬಿದ್ದವರ ಜೊತೆ 24 ಗಂಟೆ ಯಾರಾದರೂ ಇರಲೇಬೇಕು.

ಮೊದಲು ತಲೆ

ಕಣತಲೆಯ ಹತ್ತಿರ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡೇ ಒಂದು ಅಪಧಮನಿ ಹಾದುಹೋಗುತ್ತದೆ. ಮೂಳೆ ಬಿರುಕುಬಿಟ್ಟು ಅದು ಹರಿದರೆ, ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ತುಂಬತೊಡಗುತ್ತದೆ. ಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಮೆದುಳೇ ನಲುಗುತ್ತದೆ. ಕ್ಷಣಕಾಲ ಎಚ್ಚರ ತಪ್ಪಿದವರು ಚೇತರಿಸಿಕೊಂಡು, ಎಲ್ಲರ ಜೊತೆ ಮಾತಾಡಿ, ಕೆಲವು ಗಂಟೆಗಳ ಬಳಿಕ ಮಂಪರಿಗೆ ಜಾರುವುದು ಹೀಗೆ. ‘ಸುಸ್ತಾಗಿದೆ, ಮಲಗಲಿ’ ಎಂದು ಕೋಣೆಯ ಬಾಗಿಲು ಮುಚ್ಚುವ ತಪ್ಪು ಆಗುವುದೂ ಈ ಹೊತ್ತಿನಲ್ಲೇ.

ಒಂದು ಕ್ಷಣವಾದರೂ ಎಚ್ಚರ ತಪ್ಪಿದ್ದರೆ, ಬಿದ್ದದ್ದೇ ನೆನಪಿಲ್ಲದಿದ್ದರೆ, ವಯಸ್ಸು 65 ದಾಟಿದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಲಕ್ಷಣಕ್ಕಾಗಿ ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಕುಡಿದಿದ್ದವರೂ ಅಷ್ಟೇ. ಅವರ ತೊದಲು ಮಾತು ಮದ್ಯದ್ದೋ ಮೆದುಳಿನದ್ದೋ ಹೊರಗಿನಿಂದ ಹೇಳಲಾಗದು.

ವೈದ್ಯರು ನೋಡಿ ಮನೆಗೆ ಕಳಿಸಿದರೆ ನಿದ್ದೆ ಮಾಡಲು ಬಿಡಬಹುದು. ಆದರೆ ಮೊದಲ ರಾತ್ರಿ ಎರಡೆರಡು ಗಂಟೆಗೊಮ್ಮೆ ಎಬ್ಬಿಸಿ ಹೆಸರು, ಊರು, ಮಲಗಿರುವ ಜಾಗ ಕೇಳಿ. ಎರಡೂ ಕೈಯಿಂದ ನಿಮ್ಮ ಬೆರಳು ಹಿಂಡಲು ಹೇಳಿ, ಒಂದು ಕಡೆ ಹಿಡಿತ ಸಡಿಲವೇ ನೋಡಿ. ಕಣ್ಣಿನ ಪಾಪೆಗಳು ಎರಡೂ ಒಂದೇ ಅಳತೆ ಇರಬೇಕು. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರುವುದು, ಕಿವಿಯ ಹಿಂದೆ ನೀಲಿಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಹೊರಡಿ.

ಹೊಟ್ಟೆ, ಎದೆ

ದೊಡ್ಡವರ ಮೈಯಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ಅದರಲ್ಲಿ ಸುಮಾರು ಒಂದೂವರೆ ಲೀಟರ್ ಹೋಗುವವರೆಗೂ ಮಲಗಿದವರ ಬಿಪಿ ಬೀಳದೇ ಇರಬಹುದು. ಅದಕ್ಕೂ ಮೊದಲೇ ನಾಡಿ ಓಡುತ್ತದೆ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಹತ್ತು ಹದಿನೈದು ನಿಮಿಷ ವಿಶ್ರಾಂತಿ ಪಡೆದ ಮೇಲೂ 100 ದಾಟಿದ್ದರೆ, ಜೊತೆಗೆ ತಣ್ಣನೆ ಬೆವರು, ಬಿಳಿಚಿದ ತುಟಿ, ಬಾಯಾರಿಕೆ, ಚಡಪಡಿಕೆ ಇದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದೇ ಲೆಕ್ಕ ಹಾಕಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಾತ್ರ ನಾಡಿ ಏರದೆಯೂ ಇರಬಹುದು.

ಎಡಪಕ್ಕೆಯ ಮರೆಯಲ್ಲಿ ಗುಲ್ಮ (ಸ್ಪ್ಲೀನ್) ಎಂಬ ಅಂಗವಿದೆ. ಅದು ಒಡೆದು ಸೋರಿದ ರಕ್ತ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯನ್ನು, ಕೆರಳಿಸಿದಾಗ ನೋವು ಕಾಣುವುದು ಎಡಭುಜದ ತುದಿಯಲ್ಲಿ! ಭುಜಕ್ಕೆ ಪೆಟ್ಟೇ ಬಿದ್ದಿಲ್ಲ, ಆದರೂ ನೋವು ಎಂದರೆ ಮುಲಾಮು ಹಚ್ಚಿ ಕೂರಬೇಡಿ. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದ ಮಕ್ಕಳಲ್ಲಿ ಇದು ಇನ್ನೂ ಮುಖ್ಯ, ಹೊರಗೆ ರೂಪಾಯಿಯಗಲ ಕಲೆಯಷ್ಟೇ ಕಂಡೀತು. ಹೊಟ್ಟೆ ಗಟ್ಟಿಯಾಗುವುದು, ಮೂತ್ರದಲ್ಲಿ ರಕ್ತ, ಸೀಟ್ ಬೆಲ್ಟ್ ಒತ್ತಿದ ಜಾಗದಲ್ಲಿ ನೀಲಿ ಪಟ್ಟೆ ಕೂಡ ಅಪಾಯದ ಗುರುತುಗಳೇ. ಉಸಿರಾಡಲು ಕಷ್ಟವಾಗುತ್ತಿದ್ದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಸಾಗಿಸಿ.

ಕುತ್ತಿಗೆ, ಕಾಲು

ಕುತ್ತಿಗೆಯ ನಡುಮೂಳೆ ನೋಯುತ್ತಿದ್ದರೆ, ಕೈಕಾಲು ಜುಮುಗುಟ್ಟುತ್ತಿದ್ದರೆ ಎಬ್ಬಿಸಿ ಆಟೊದಲ್ಲಿ ಕೂರಿಸಬೇಡಿ. ಇದ್ದಲ್ಲೇ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿಸಿ. ಉಸಿರಾಟ ಸರಾಗವಾಗಿದ್ದರೆ ಹೆಲ್ಮೆಟ್ ಎಳೆಯಲೂ ಬೇಡಿ.

ತೊಡೆಯ ಮೂಳೆ ಮುರಿದರೆ ಚರ್ಮ ಹರಿಯದೆಯೂ ಒಂದು ಲೀಟರ್‌ಗೂ ಹೆಚ್ಚು ರಕ್ತ ತೊಡೆಯೊಳಗೇ ಸೇರಬಹುದು. ಮೊಣಕಾಲ ಕೆಳಗೆ ಬೇರೆಯದೇ ಅಪಾಯ. ಮೀನಖಂಡ ಕಲ್ಲಿನಂತೆ ಬಿಗಿದು, ಕಾಲ್ಬೆರಳನ್ನು ಮೇಲಕ್ಕೆ ಬಾಗಿಸಿದೊಡನೆ ಚೀರುವಷ್ಟು ನೋವಾದರೆ ಒಳಗಿನ ಒತ್ತಡ ಸ್ನಾಯುವಿನ ರಕ್ತಸಂಚಾರವನ್ನು ತಡೆಯುತ್ತಿದೆ ಎಂದರ್ಥ. ಪಾದದಲ್ಲಿ ನಾಡಿ ಸಿಕ್ಕರೂ ಮೋಸಹೋಗಬೇಡಿ. ಬಿಗಿಪಟ್ಟಿ ಇದ್ದರೆ ಬಿಚ್ಚಿ, ಕಾಲನ್ನು ಎದೆಮಟ್ಟದಲ್ಲೇ ಇಡಿ. ಆರು ಗಂಟೆ ಮೀರಿದರೆ ಸ್ನಾಯು ಉಳಿಯುವುದು ಕಷ್ಟ.

ದಾರಿಯಲ್ಲಿ ನೀರು, ಸೋಡಾ, ಕಾಫಿ ಏನನ್ನೂ ಕೊಡಬೇಡಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು. ಬಿದ್ದ ಸಮಯ, ವಾಂತಿಯ ಸಮಯ, ನುಂಗುವ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿರಲಿ. ಕರೆತಂದವರು ಪೊಲೀಸ್ ಕೇಸಿಗೆ ಹೆದರಬೇಕಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ.

ವಯಸ್ಸಾದವರ ವಿಷಯದಲ್ಲಿ 24 ಗಂಟೆಗೆ ನಿಲ್ಲಿಸುವಂತಿಲ್ಲ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣದಾಗಿ ತಾಗಿದ್ದರೂ ಮೆದುಳಿನ ಮೇಲೆ ಹನಿಹನಿಯಾಗಿ ರಕ್ತ ಕೂಡಿ, ಮೂರ್ನಾಲ್ಕು ವಾರದ ನಂತರ ಮರೆವು, ತೂರಾಡುವ ನಡಿಗೆ, ಹಗಲಲ್ಲೂ ತೂಕಡಿಕೆ ಶುರುವಾಗಬಹುದು. ಮನೆಯವರು ಅರಳುಮರುಳು ಎಂದುಕೊಳ್ಳುತ್ತಾರೆ. ಅಂಥ ಬದಲಾವಣೆ ಕಂಡರೆ ವೈದ್ಯರ ಬಳಿ ಮೊದಲು ಹೇಳಬೇಕಾದದ್ದು ಹೋದ ತಿಂಗಳು ಬಿದ್ದ ಸಂಗತಿಯನ್ನು.